ನಿಮಗಿದು ಗೊತ್ತೆ? ಹಳೆಯ ಕಾಪಿಯೂ ಕೈಗೆ ಸಿಗುತ್ತದೆ!

ಒಂದನ್ನು ಕಾಪಿ ಮಾಡಿ, ಪೇಸ್ಟ್ ಮಾಡುವ ಮೊದಲೇ ಇನ್ನೊಂದನ್ನು ಕಾಪಿ ಮಾಡಿದರೆ ಮೊದಲಿನದು ಹೋಯಿತೆಂದೇ ಹಲವರ ಲೆಕ್ಕ. ವಿಂಡೋಸ್ 10 ಮತ್ತು 11ರಲ್ಲಿ ಹಾಗಾಗಬೇಕಿಲ್ಲ. ವಿಂಡೋಸ್ ಕೀ ಹಿಡಿದು 'ವಿ' ಒತ್ತಿ. ಈಚೆಗೆ ಕಾಪಿ ಮಾಡಿದ ಬರಹ, ಚಿತ್ರಗಳು 25ರವರೆಗೆ ಸಾಲಾಗಿ ಕಾಣುತ್ತವೆ. ಬೇಕಾದ್ದರ ಮೇಲೆ ಕ್ಲಿಕ್ಕಿಸಿದರೆ ಸಾಕು. 2018ರ ಅಕ್ಟೋಬರ್ ಅಪ್‌ಡೇಟ್‌ನಲ್ಲೇ ಬಂದ ಸೌಲಭ್ಯವಿದು. ಆದರೆ ಮೊದಲ ಸಲ ನಾವೇ 'ಟರ್ನ್ ಆನ್' ಒತ್ತಬೇಕು. ಎಷ್ಟೋ ಮಂದಿಯ ಕಣ್ಣಿಗೆ ಇದು ಬೀಳದಿರುವುದು ಅದಕ್ಕೇ ಇರಬೇಕು! ರೀಸ್ಟಾರ್ಟ್ ಮಾಡಿದರೆ ಪಟ್ಟಿ ಅಳಿಯುತ್ತದೆ, ಪಿನ್ ಮಾಡಿಟ್ಟದ್ದು ಮಾತ್ರ ಉಳಿಯುತ್ತದೆ. ಕಾಪಿ ಮಾಡಿದ ಪಾಸ್‌ವರ್ಡ್ ಕೂಡ ಆ ಪಟ್ಟಿಯಲ್ಲಿ ಕೂತಿರಬಹುದು. ಸೈಬರ್ ಸೆಂಟರ್‌ನಲ್ಲಿ ಕೆಲಸ ಮುಗಿಸಿ ಏಳುವ ಮುನ್ನ 'ಕ್ಲಿಯರ್ ಆಲ್' ಒತ್ತಲು ಮರೆಯಬೇಡಿ.