ಸಂಕೋಚಕ್ಕೆ ತಿಂಗಳಿಗೆ ಎಷ್ಟು ಖರ್ಚು?

ಗುಬ್ಬಿಯಿಂದ ತುಮಕೂರಿಗೆ ಸುಮಾರು ಇಪ್ಪತ್ತು ಕಿಲೋಮೀಟರ್. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಾಗ ಆ ದಾರಿಯಲ್ಲಿ ಎಷ್ಟು ಸಲ ಓಡಾಡಿದ್ದೇನೋ ಲೆಕ್ಕವಿಲ್ಲ. ಆದರೂ 2025ರ ಜೂನ್ ಮೊದಲ ವಾರ, ನನ್ನ ಎಪ್ಪತ್ಮೂರನೇ ವಯಸ್ಸಿನಲ್ಲಿ, ಒಂದು ಟಾಟಾ ಏಸ್ ಗಾಡಿಗೆ ಸಾಮಾನು ತುಂಬಿಕೊಂಡು ಶೆಟ್ಟಿಹಳ್ಳಿಯ ಬಾಡಿಗೆ ಮನೆಯ ಮುಂದೆ ಇಳಿದಾಗ ಯಾವುದೋ ಹೊರರಾಜ್ಯಕ್ಕೆ ಬಂದಂತೆ ಆಯಿತು.

ಬಂದ ಕಾರಣವನ್ನು ಮೊದಲೇ ಹೇಳಿಬಿಡುತ್ತೇನೆ. ಮಗನ ವ್ಯಾಪಾರ ಕೈಕೊಟ್ಟಿತು. ಸಾಲ ತೀರಿಸಲು ಗುಬ್ಬಿಯ ಮನೆ ಮಾರಿದೆವು. ಅದೂ ಸಾಲದೆ ನನ್ನ ಪಿಂಚಣಿಯ ಮೇಲೆ ಸಾಲ ತೆಗೆದೆ. ಮಗ ಈಗ ಹೊಸೂರಿನಲ್ಲಿ ಒಂದು ಕೆಲಸ ಹಿಡಿದು, ತನ್ನ ಸಂಸಾರ ತಾನು ನೋಡಿಕೊಳ್ಳುವಷ್ಟರ ಮಟ್ಟಿಗೆ ಎದ್ದು ನಿಂತಿದ್ದಾನೆ. ನಾವಿಬ್ಬರೂ ಗುಬ್ಬಿಯಲ್ಲೇ ಬಾಡಿಗೆಗೆ ಇರಬಹುದಿತ್ತು, ಖರ್ಚೂ ಕಡಿಮೆಯಾಗುತ್ತಿತ್ತು. ನೆಂಟರಿಷ್ಟರಿಗೆ ‘ತುಮಕೂರಾದರೆ ಡಾಕ್ಟರು, ಆಸ್ಪತ್ರೆ ಹತ್ತಿರ’ ಎಂದೆ. ನಿಜ ಏನೆಂದರೆ, ಮಾರಿದ ಮನೆಯ ಮುಂದೆ ದಿನಾ ಬೆಳಿಗ್ಗೆ ಹಾಲಿಗೆ ಹೋಗುವ ಧೈರ್ಯ ನನಗಿರಲಿಲ್ಲ.

ಇನ್ನು ಲೆಕ್ಕಕ್ಕೆ ಬರೋಣ. ಬಿ.ಕಾಂ. ಓದಿ ಮೂವತ್ತೇಳು ವರ್ಷ ಕೌಂಟರಿನ ಹಿಂದೆ ಕೂತವನಿಗೆ ಬೇರೇನು ಬರುತ್ತದೆ! ನಮ್ಮ ಬ್ಯಾಂಕ್ ಪಿಂಚಣಿಗೆ ತುಟ್ಟಿಭತ್ಯೆ ಫೆಬ್ರವರಿ, ಆಗಸ್ಟ್ ಎಂದು ಆರು ತಿಂಗಳಿಗೊಮ್ಮೆ ಬದಲಾಗುತ್ತದೆ. ಮೂಲ ಪಿಂಚಣಿ ಮಾತ್ರ ನಿವೃತ್ತಿಯ ದಿನ ಎಷ್ಟಿತ್ತೋ ಅಷ್ಟೇ. ಅದರಲ್ಲಿ ಮೂರನೇ ಒಂದು ಪಾಲನ್ನು 2012ರಲ್ಲಿ ನಿವೃತ್ತನಾದಾಗಲೇ ಇಡಿಗಂಟಾಗಿ ತೆಗೆದುಕೊಂಡಿದ್ದೆ. ಹದಿನೈದು ವರ್ಷ ತುಂಬಿದ ಮೇಲೆ, ಅಂದರೆ 2027ಕ್ಕೆ, ಆ ಪಾಲು ಮತ್ತೆ ಸೇರುತ್ತದೆ. ಸದ್ಯಕ್ಕೆ ಕೈಗೆ ಬರುವುದು 27,300 ರೂಪಾಯಿ. ಸಾಲದ ಕಂತು 8,700, ಮನೆ ಬಾಡಿಗೆ 8,000. ಉಳಿಯುವುದು 10,600.

ಅಡ್ವಾನ್ಸ್ 60,000 ಕೊಟ್ಟೆವು. ಕೇಂದ್ರ ಸರ್ಕಾರ 2021ರಲ್ಲಿ ತಯಾರಿಸಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ಪಡೆಯಬಾರದು ಎಂದಿದೆ. ಆದರೆ ಅದು ಮಾದರಿ ಮಾತ್ರ. ರಾಜ್ಯಗಳು ತಮ್ಮ ಕಾನೂನು ಮಾಡಿಕೊಂಡರೆ ಉಂಟು, ಇಲ್ಲದಿದ್ದರೆ ಇಲ್ಲ. ಮನೆ ಬೇಕಾದವನು ಮಾಲೀಕರ ಮುಂದೆ ಕಾಯ್ದೆ ಓದಿ ಹೇಳಲಾಗುತ್ತದೆಯೇ?

ಜುಲೈ ತಿಂಗಳ ಕೊನೆಗೆ ಖರ್ಚಿನ ಪುಸ್ತಕ ಕೂಡಿಸಿದೆ. 13,170 ರೂಪಾಯಿ. ಇರುವುದು 10,600, ಕೊರತೆ 2,570. ಇದ್ದ ಒಂದೇ ಎಫ್‌ಡಿಯಿಂದ ತೆಗೆದು ತುಂಬಿಸಿದೆ. ಅಂದು ರಾತ್ರಿ ನಿದ್ದೆ ಬರಲಿಲ್ಲ. ಗುಬ್ಬಿಯಲ್ಲೂ ಇದೇ ಅನ್ನ, ಇದೇ ಸಾರು ಉಣ್ಣುತ್ತಿದ್ದೆವು. ಬಾಡಿಗೆ, ಕಂತು ಬಿಟ್ಟರೆ ಉಳಿದ ಖರ್ಚು ಇಷ್ಟು ಏರುವುದಕ್ಕೆ ಏನು ಕಾರಣ?

ಕಾರಣ ನನ್ನ ಕಾಲಿನಲ್ಲೇ ಇತ್ತು. ಮನೆಯಿಂದ ಹೊರಬಿದ್ದರೆ ಎರಡು ಬೀದಿ ದಾಟಿ ಮೂರು ದಿನಸಿ ಅಂಗಡಿಗಳಿವೆ. ನಾನು ಅವನ್ನು ಬಿಟ್ಟು ದೊಡ್ಡ ರಸ್ತೆಯ ಹವಾನಿಯಂತ್ರಿತ ಅಂಗಡಿಗೆ ಹೋಗುತ್ತಿದ್ದೆ. ಅಲ್ಲಿ ಬುಟ್ಟಿ ಹಿಡಿದು ತುಂಬಿಕೊಂಡು ದುಡ್ಡು ಕೊಟ್ಟು ಬರಬಹುದು. ಯಾರೂ ಏನೂ ಕೇಳುವುದಿಲ್ಲ. ಬೀದಿಯ ಅಂಗಡಿಗೆ ಮೊದಲ ದಿನ ಬೆಂಕಿಪೊಟ್ಟಣಕ್ಕೆ ಹೋದಾಗಲೇ, “ಹೊಸಬ್ರಾ ಯಜಮಾನ್ರೇ? ಎಲ್ಲಿಂದ ಬಂದ್ರಿ? ಯಾರ ಮನೇಲಿರೋದು?” ಎಂದು ಆತ ಕೇಳಿದ್ದ. ಕೇಳಿದ್ದರಲ್ಲಿ ಕೆಡುಕೇನೂ ಇರಲಿಲ್ಲ. ಆದರೆ ಎರಡನೇ ಪ್ರಶ್ನೆಯ ಹಿಂದೆ ‘ಸ್ವಂತ ಮನೆ ಇರ್ಲಿಲ್ವಾ?’ ಎಂಬ ಮೂರನೆಯದು ಬರುತ್ತದೆಂದು ಹೆದರಿ, ಮತ್ತೆ ಆ ಕಡೆ ತಲೆ ಹಾಕಿರಲಿಲ್ಲ.

ಆ ರಾತ್ರಿ ಇನ್ನೊಂದು ನೆನಪು ಬಂತು. ಈಗಿನ ಮಕ್ಕಳಿಗೆ ಗೊತ್ತಿರಲಾರದು, ನಾನು 1975ರಲ್ಲಿ ಕೆಲಸಕ್ಕೆ ಸೇರಿದಾಗ ಬ್ಯಾಂಕಿನಲ್ಲಿ ಖಾತೆ ತೆರೆಯಬೇಕಾದರೆ, ಈಗಾಗಲೇ ಖಾತೆ ಇರುವ ಒಬ್ಬರು ‘ಇವರನ್ನು ನಾನು ಬಲ್ಲೆ’ ಎಂದು ಅರ್ಜಿಯಲ್ಲಿ ಸಹಿ ಹಾಕಬೇಕಿತ್ತು. ಅದಕ್ಕೆ ಪರಿಚಯದ ಸಹಿ ಎನ್ನುತ್ತಿದ್ದೆವು. ಸಾಲುಸಾಲಾಗಿ ರೈತರು, ಕೂಲಿಯವರು ಬರುವರು. ಸಹಿ ಇಲ್ಲವೆಂದರೆ ತಲೆ ಎತ್ತದೆ ‘ಪರಿಚಯದವರನ್ನ ಕರ್ಕೊಂಡು ಬಾ’ ಎಂದು ಅರ್ಜಿ ಹಿಂದಕ್ಕೆ ತಳ್ಳುತ್ತಿದ್ದೆ. ಅಡಿಕೆ ಸುಲಿಯುವ ಒಬ್ಬಾಕೆಯನ್ನು ಹೀಗೆ ಎರಡು ಸಲ ಕಳಿಸಿದ್ದು ನೆನಪಿದೆ. ಮೂರನೇ ಸಲ ಆಕೆ ಬರಲೇ ಇಲ್ಲ. ರಿಸರ್ವ್ ಬ್ಯಾಂಕು ಈ ಸಹಿ ಬೇಕಿಲ್ಲವೆಂದು 2012ರ ಕೊನೆಯಲ್ಲಿ ಸ್ಪಷ್ಟವಾಗಿ ಹೇಳುವ ಹೊತ್ತಿಗೆ ನಾನು ನಿವೃತ್ತನಾಗಿದ್ದೆ. ಈಗ ಶೆಟ್ಟಿಹಳ್ಳಿಯಲ್ಲಿ ನನ್ನ ಅರ್ಜಿಗೆ ಸಹಿ ಹಾಕುವವರು ಯಾರು?

ಸಹಿ ಹಾಕಿಸುವ ಕೆಲಸವನ್ನು ನಮ್ಮ ಮನೆಯವರು ನನಗೆ ಗೊತ್ತಿಲ್ಲದಂತೆ ಶುರುಮಾಡಿಯಾಗಿತ್ತು. ಆಕೆ ಬಂದ ಮೂರನೇ ದಿನವೇ ಪಕ್ಕದ ಮನೆಯವರ ಹತ್ತಿರ ಹೆಪ್ಪಿಗೆ ಮಜ್ಜಿಗೆ ಕೇಳಿದ್ದರು. ನಾನು ರೇಗಿದ್ದೆ. ಐದು ರೂಪಾಯಿ ಮೊಸರಿಗೆ ಬೇರೆಯವರ ಬಾಗಿಲು ತಟ್ಟಬೇಕೇ ಎಂದು. ಆ ಮಜ್ಜಿಗೆಯ ಹಿಂದೆ ಬಂದ ಮಾಹಿತಿಯ ಬೆಲೆ ನನಗೆ ಆಗ ಗೊತ್ತಿರಲಿಲ್ಲ.

ಆಗಸ್ಟ್ ಒಂದನೇ ತಾರೀಖು ಕೊರತೆಯ ವಿಷಯ ಹೇಳಿದಾಗ ಆಕೆ ನಕ್ಕುಬಿಟ್ಟರು. “ರೀ, ನೀರಿನ ಕ್ಯಾನಿಗೆ ನಲವತ್ತು ರೂಪಾಯಿ ಕೊಡ್ತಿದೀರಲ್ಲ, ಇಲ್ಲೇ ಹಿಂದಿನ ರಸ್ತೇಲಿ ಐದು ರೂಪಾಯಿ ಕಾಯಿನ್ ಹಾಕಿದ್ರೆ ಇಪ್ಪತ್ತು ಲೀಟರ್ ಬರುತ್ತೆ. ನಾನು ಹೇಳಿದ್ರೆ ಬಿಂದಿಗೆ ಹಿಡ್ಕೊಂಡು ಹೋಗೋಕೆ ನಿಮಗೆ ನಾಚಿಕೆ.” ಶುದ್ಧ ಕುಡಿಯುವ ನೀರಿನ ಘಟಕದ ಮಾತು ಅದು. ತುಮಕೂರಿಗೆ ಕುಡಿಯುವ ನೀರು ಹೇಮಾವತಿಯದು. ನಾಲೆಯಲ್ಲಿ ಬಂದು ಬುಗುಡನಹಳ್ಳಿ ಕೆರೆಯಲ್ಲಿ ನಿಂತು, ಅಲ್ಲಿಂದ ನಗರಕ್ಕೆ ಬರುತ್ತದೆ. ನಮ್ಮ ನಲ್ಲಿಗೆ ಯಾವ ದಿನ ಎಷ್ಟು ಹೊತ್ತಿಗೆ ಬಿಡುತ್ತಾರೆ ಎಂಬುದೂ ಆಕೆಗೆ ಗೊತ್ತಿತ್ತು. ನಾನು ಸಂಪಿನ ಮುಚ್ಚಳ ತೆಗೆದು ತೆಗೆದು ನೋಡುತ್ತಿದ್ದೆ.

ರಾಗಿಯದೂ ಅದೇ ಕಥೆ. ಒಂದು ಕಿಲೋ ರಾಗಿಹಿಟ್ಟಿನ ಪ್ಯಾಕೆಟ್ಟಿಗೆ ನಾನು 76 ರೂಪಾಯಿ ಕೊಡುತ್ತಿದ್ದೆ. 2025-26ನೇ ಸಾಲಿನ ರಾಗಿಗೆ ಸರ್ಕಾರದ ಬೆಂಬಲ ಬೆಲೆಯೇ ಕ್ವಿಂಟಲಿಗೆ 4,886 ರೂಪಾಯಿ ಇತ್ತು, ಅಂದರೆ ಕಿಲೋಗೆ ನಲವತ್ತೊಂಬತ್ತು. ರಾಗಿ ಬೆಳೆಯುವ ಜಿಲ್ಲೆಯಲ್ಲಿ ಕೂತು ಪ್ಯಾಕೆಟ್ ಹಿಟ್ಟು! ಈಗ ರಾಗಿ ತಂದು, ಕಲ್ಲು ಆರಿಸಿ, ಮಿಲ್ಲಿಗೆ ನಾನೇ ಒಯ್ಯುತ್ತೇನೆ. ಮಿಲ್ಲಿನ ಮುಂದೆ ಚೀಲ ಇಟ್ಟುಕೊಂಡು ಸರದಿ ಕಾಯುವ ಅರ್ಧ ಗಂಟೆ ಇದೆಯಲ್ಲ, ಶೆಟ್ಟಿಹಳ್ಳಿಯ ಪೂರ್ತಿ ಸಮಾಚಾರ ಅಲ್ಲಿ ಸಿಗುತ್ತದೆ. ಜೋರು ಮಳೆ ಬಂದರೆ ರೈಲ್ವೆ ಅಂಡರ್‌ಪಾಸ್ ಬಿಟ್ಟು ಯಾವ ದಾರಿ ಹಿಡಿಯಬೇಕು ಎನ್ನುವುದನ್ನೂ ಅಲ್ಲೇ ಕಲಿತೆ.

ಸೊಪ್ಪು ತರಕಾರಿಗೆ ವಾರಕ್ಕೊಮ್ಮೆ ಆಕೆ, ಪಕ್ಕದ ಮನೆಯವರು, ಇನ್ನಿಬ್ಬರು ಸೇರಿ ಅಂತರಸನಹಳ್ಳಿ ಮಾರುಕಟ್ಟೆಗೆ ಹೋಗುತ್ತಾರೆ. ಸಗಟು ದರದಲ್ಲಿ ತಂದು ನಾಲ್ಕು ಪಾಲು ಮಾಡಿಕೊಳ್ಳುತ್ತಾರೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾದ್ದರಿಂದ ಹೋಗಿಬರುವ ಖರ್ಚು ಸೊನ್ನೆ. ನಾನು ಜೊತೆಗೆ ಬರುತ್ತೇನೆ ಎಂದರೆ, “ನೀವು ಬಂದ್ರೆ ಟಿಕೆಟ್ ದುಡ್ಡಿಗೆ ಎರಡು ಕಿಲೋ ಟೊಮೇಟೊ ಬರುತ್ತೆ, ಮನೇಲೇ ಇರಿ” ಎನ್ನುತ್ತಾರೆ.

ಕರೆಂಟಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಮನೆ ಬದಲಿಸುವವರಿಗೆ ಉಪಯೋಗವಾದೀತು. ಗೃಹಜ್ಯೋತಿಯಲ್ಲಿ 200 ಯೂನಿಟ್ ಒಳಗೆ, ಆ ಮನೆಯ 2022-23ರ ಸರಾಸರಿ ಬಳಕೆಗೆ ಶೇಕಡ ಹತ್ತು ಸೇರಿಸಿದಷ್ಟು ಕರೆಂಟು ಉಚಿತ. ಬಾಡಿಗೆದಾರರಿಗೂ ಇದೆ. ಆದರೆ ಮನೆಯ ಆರ್‌.ಆರ್‌. ನಂಬರಿಗೆ ವಾಸವಿರುವವರ ಆಧಾರ್ ಜೋಡಣೆಯಾಗಿರಬೇಕು. ಹಿಂದಿನ ಬಾಡಿಗೆದಾರರು ಬಿಟ್ಟು ಹೋಗುವಾಗ ತಮ್ಮದನ್ನು ಸರಿಯಾಗಿಯೇ ತೆಗೆಸಿದ್ದರು. ನಾನು ನನ್ನದನ್ನು ಹಾಕಿಸದೆ ಬಿಲ್ಲು ಕಟ್ಟುತ್ತಾ ಕೂತಿದ್ದೆ. ಮಾಲೀಕರನ್ನು ಕೇಳಿದರೆ ‘ಐನೂರು ಆರುನೂರಕ್ಕೂ ಪರದಾಡುತ್ತಾರೆ’ ಅಂದುಕೊಂಡಾರು ಎಂಬ ಭಯ.

ಕೊನೆಗೆ ಕೆಳಗಿನ ಮನೆಯ ಎಂಟನೇ ಕ್ಲಾಸಿನ ಹುಡುಗ ಮೊಬೈಲಿನಲ್ಲಿ ಸೇವಾಸಿಂಧು ತೆರೆದು ನೋಡಿದ. “ತಾತ, ನಿಮ್ಮ ಆಧಾರ್ ಇನ್ನೂ ಗುಬ್ಬಿ ಮನೆಗೇ ಇದೆ. ಮೊದಲು ಅದನ್ನ ಬಿಡಿಸ್ಬೇಕು.” ಅಂದರೆ ನನ್ನ ಮನೆ ಕೊಂಡವರು ನನ್ನ ಹೆಸರಿನಲ್ಲಿ ಉಚಿತ ಕರೆಂಟು ಉರಿಸುತ್ತಿದ್ದರು, ನಾನು ಇಲ್ಲಿ ಬಿಲ್ಲು ಕಟ್ಟುತ್ತಿದ್ದೆ! ಅವರದೇನೂ ತಪ್ಪಿಲ್ಲ, ತೆಗೆಸಬೇಕಾದವನು ನಾನು. ಹುಡುಗ “ತೆಗೀಲಾ?” ಎಂದು ಕೇಳಿ ಬೆರಳು ಎತ್ತಿ ಕೂತ. ಮನೆಯ ಕ್ರಯಪತ್ರಕ್ಕೆ ಸಹಿ ಹಾಕುವಾಗ ನಡುಗದ ಕೈ ಆವತ್ತು ಒಂದಿಷ್ಟು ನಡುಗಿತು. ನಲವತ್ತು ವರ್ಷದ ಮನೆಯಲ್ಲಿ ನನ್ನದೆಂದು ಉಳಿದಿದ್ದು ಆ ಒಂದು ನಂಬರು. “ತೆಗೀಪ್ಪ” ಎಂದೆ. ಅದಾದ ಮೇಲೆ ಮಾಲೀಕರ ಹತ್ತಿರ ಕರಾರಿನ ಪ್ರತಿ ಕೇಳಲು ಹೋದೆ. ಅವರು ಕೊಟ್ಟಿದ್ದಷ್ಟೇ ಅಲ್ಲ, “ಇಷ್ಟು ದಿನ ಯಾಕೆ ಸುಮ್ನಿದ್ರಿ ಸಾರ್?” ಎಂದು ಅವರೇ ಬೇಸರಪಟ್ಟುಕೊಂಡರು.

ಆ ಹುಡುಗನ ಋಣಕ್ಕೆ ಬಡ್ಡಿ ಲೆಕ್ಕ ಹೇಳಿಕೊಡುತ್ತೇನೆ. ಪುಸ್ತಕದ ಲೆಕ್ಕ ಅವನಿಗೆ ತಲೆಗೆ ಹತ್ತುತ್ತಿರಲಿಲ್ಲ. ನನ್ನ ಪಿಂಚಣಿ ಸಾಲದ ಲೆಕ್ಕವನ್ನೇ ಮುಂದಿಟ್ಟೆ. ಅಸಲು ಎಷ್ಟು, ಮೊದಲ ಕಂತಿನಲ್ಲಿ ಬಡ್ಡಿಗೆ ಎಷ್ಟು ಹೋಗುತ್ತದೆ, ಕೊನೆಯ ಕಂತಿನಲ್ಲಿ ಎಷ್ಟು ಎಂದು ತೋರಿಸಿದೆ. ಅವನು ಕಣ್ಣರಳಿಸಿ, “ತಾತ, ಶುರೂಲಿ ಬರೀ ಬಡ್ಡಿಗೇ ಜಾಸ್ತಿ ಕಟ್ತಿದೀರಲ್ಲ!” ಎಂದ. ನೆಂಟರಿಂದ ಮುಚ್ಚಿಟ್ಟ ಸಾಲವನ್ನು ಹನ್ನೆರಡು ಹದಿಮೂರು ವರ್ಷದ ಹುಡುಗನೆದುರು ಬಿಚ್ಚಿಟ್ಟಿದ್ದು ಹೊಳೆದದ್ದು ಅವನು ಎದ್ದು ಹೋದ ಮೇಲೆ. ಯಾಕೋ ಮನಸ್ಸಿಗೆ ಹಗುರವಾಗಿತ್ತು. ನವೆಂಬರಿನಲ್ಲಿ ನಾನು ಬದುಕಿದ್ದೇನೆ ಎಂದು ಬ್ಯಾಂಕಿಗೆ ಕೊಡಬೇಕಾದ ಜೀವಂತ ಪ್ರಮಾಣಪತ್ರವನ್ನೂ ಅವನೇ ಮೊಬೈಲಿನಲ್ಲಿ ಮಾಡಿಕೊಟ್ಟ. ಮುಖ ತೋರಿಸಿ ಕಣ್ಣು ಮಿಟುಕಿಸಬೇಕು. “ಕಣ್ಣು ಹೊಡೀರಿ ತಾತ” ಎಂದಾಗ ಮನೆಯವರು ಒಳಗಿನಿಂದ ನಗುತ್ತಿದ್ದರು. ಗುಬ್ಬಿಯ ಶಾಖೆಗೆ ಹೋಗಿ ಹಳಬರ ಎದುರು ನಿಲ್ಲುವುದು ತಪ್ಪಿತು.

ಔಷಧಿಯದು ಸಂಕೋಚವಲ್ಲ, ಅಜ್ಞಾನ. ಬಿ.ಪಿ., ಸಕ್ಕರೆ ಮಾತ್ರೆಗಳನ್ನು ಬ್ರ್ಯಾಂಡ್ ಹೆಸರಿನಲ್ಲೇ ಕೊಳ್ಳುತ್ತಿದ್ದೆ. ಮಿಲ್ಲಿನಲ್ಲಿ ಸಿಕ್ಕ ನಿವೃತ್ತ ಮೇಷ್ಟ್ರೊಬ್ಬರು ಜನೌಷಧಿ ಕೇಂದ್ರ ತೋರಿಸಿದರು. ಡಾಕ್ಟರನ್ನು ಕೇಳಿ, ಅದೇ ಔಷಧ, ಅದೇ ಪ್ರಮಾಣ ಎಂದು ಖಚಿತ ಮಾಡಿಕೊಂಡೇ ಬದಲಿಸಿದೆ. ಕೇಳದೆ ಯಾರೂ ಬದಲಿಸಬೇಡಿ.

ಡಿಸೆಂಬರ್ 31ರಂದು ಜುಲೈ ಪುಟವನ್ನೂ ಡಿಸೆಂಬರ್ ಪುಟವನ್ನೂ ಎದುರುಬದುರು ಇಟ್ಟುಕೊಂಡು ಕೂತೆ. ದಿನಸಿ ತರಕಾರಿ 5,900 ಇದ್ದದ್ದು 4,300. ಔಷಧಿ 2,350ರಿಂದ 980. ನೀರು 480ರಿಂದ 60. ಕರೆಂಟು 640 ಇದ್ದದ್ದು ಸೊನ್ನೆ. ಆಟೋ 900ರಿಂದ 340. ಒಟ್ಟು 4,590 ರೂಪಾಯಿ ವ್ಯತ್ಯಾಸ. ಹಾಲು, ಗ್ಯಾಸು, ಫೋನು, ದಿನಪತ್ರಿಕೆ, ಈ ವಾರಪತ್ರಿಕೆ ಮುಟ್ಟಿಲ್ಲ. ಔಷಧಿಯ 1,370 ಅಜ್ಞಾನದ ಬಾಬ್ತು ಎಂದು ತೆಗೆದರೂ, ನನ್ನ ಸಂಕೋಚಕ್ಕೆ ತಿಂಗಳಿಗೆ 3,220 ಖರ್ಚಾಗುತ್ತಿತ್ತು. ಮನೆಯವರಿಗೆ ತೋರಿಸಿದೆ. “ಮಜ್ಜಿಗೆ ಲೆಕ್ಕ ಎಲ್ಲಿ ಬರೆದಿದೀರಿ?” ಎಂದು ಕೇಳಿದರು.

ಬೀದಿಯ ಅಂಗಡಿಯವನ ಹತ್ತಿರ ಈಗ ನನಗೆ ವರ್ತನೆ ಇದೆ. ತಿಂಗಳ ಕೊನೆಗೆ ಒಟ್ಟಿಗೆ ಕೊಡುವುದು. ಪುಸ್ತಕ ತೆರೆದ ದಿನ ಹೆಸರು ಕೇಳಲಿಲ್ಲ, ‘ಬ್ಯಾಂಕ್ ತಾತ’ ಎಂದು ಬರೆದುಕೊಂಡ. ಅಭ್ಯಾಸಬಲದಿಂದ ನಾನು ಜೇಬಿನಿಂದ ಪೆನ್ನು ತೆಗೆದೆ. “ಸಹಿ ಎಲ್ಲಾ ಯಾಕ್ ಬುಡಿ” ಎಂದ. ಅವನು ಕೇಳುತ್ತಾನೆಂದು ಹೆದರಿದ್ದ ಆ ಮೂರನೇ ಪ್ರಶ್ನೆಯನ್ನು ಕೊನೆಗೂ ಕೇಳಿಯೇಬಿಟ್ಟ, ದೀಪಾವಳಿಯ ಹೊತ್ತಿಗೆ. ಇತ್ತು, ಮಾರಿದೆವು ಎಂದೆ. “ನಮ್ದೂ ಹೋಯ್ತು ಸಾರ್, ಕುಣಿಗಲ್ ಕಡೆ ಎರಡೆಕರೆ” ಎಂದು ಹೇಳಿ ಬೆಲ್ಲ ತೂಗತೊಡಗಿದ.

ನಮ್ಮ ಕರಾರು ಹನ್ನೊಂದು ತಿಂಗಳಿನದು. ವರ್ಷ ದಾಟಿದರೆ ನೋಂದಣಿ ಮಾಡಿಸಬೇಕಾದ್ದರಿಂದ ಎಲ್ಲರೂ ಹನ್ನೊಂದಕ್ಕೇ ಬರೆಯುವುದು. ಏಪ್ರಿಲ್ ಕೊನೆಗೆ ಮುಗಿಯುತ್ತದೆ. ಬಾಡಿಗೆ ಶೇಕಡ ಐದು ಏರಿಸುತ್ತೇನೆಂದು ಮಾಲೀಕರು ಈಗಲೇ ಹೇಳಿದ್ದಾರೆ. 400 ರೂಪಾಯಿ. ಡಿಸೆಂಬರಿನಲ್ಲಿ ಉಳಿದ 2,020ರಲ್ಲಿ ಅದನ್ನು ಪಕ್ಕಕ್ಕೆ ತೆಗೆದು, ಉಳಿದದ್ದನ್ನು ಎಫ್‌ಡಿಯಿಂದ ತೆಗೆದ ಬಾಬ್ತಿಗೆ ಜಮಾ ಮಾಡಿದ್ದೇನೆ.