ಬೆಳ್ಳುಳ್ಳಿಗಿಂತ ಮೊದಲು ಮಣ್ಣನ್ನು ಬೆಳೆಸಿ

ಸಾರಿನ ಒಗ್ಗರಣೆಯಿಂದ ಹಿಡಿದು ಬಿರಿಯಾನಿಯ ಮಸಾಲೆಯವರೆಗೆ ಬೆಳ್ಳುಳ್ಳಿಯಿಲ್ಲದೆ ನಮ್ಮ ಅಡುಗೆಮನೆ ನಡೆಯುವುದಿಲ್ಲ. 2024ರ ಆರಂಭದಲ್ಲಿ ಅನೇಕ ಪಟ್ಟಣಗಳಲ್ಲಿ ಅದರ ಬೆಲೆ ಕಿಲೋಗೆ 400 ರೂಪಾಯಿ ದಾಟಿದಾಗ ಗೃಹಿಣಿಯರು ಎಸಳು ಎಣಿಸಿ ಹಾಕುವಂತಾಗಿತ್ತು. ಬೆಲೆ ಏರಿದಾಗ ಸರಕಾರವನ್ನೂ ವ್ಯಾಪಾರಿಯನ್ನೂ ದೂರುವುದು ನಮಗೆ ರೂಢಿ. ಆದರೆ ಹಿತ್ತಿಲಲ್ಲಿ ಹತ್ತಡಿ ಜಾಗವಿದ್ದರೂ ಅಲ್ಲಿ ಕಳೆ ಬೆಳೆಯಲು ಬಿಟ್ಟವರು ಯಾರು?

ಮಳೆ ಹಿಂದೆ ಸರಿದು ಬೆಳಗಿನ ಹೊತ್ತು ತಂಪಾಗುವ ಅಕ್ಟೋಬರ್-ನವೆಂಬರ್ ತಿಂಗಳುಗಳು ಬೆಳ್ಳುಳ್ಳಿ ನೆಡಲು ಸೂಕ್ತ ಕಾಲ. ಆದರೆ ಎಸಳು ಹಿಡಿದು ತೋಟಕ್ಕೆ ಹೋಗುವ ಮೊದಲು ಒಂದು ಹಿಡಿ ಮಣ್ಣನ್ನು ಕೈಗೆತ್ತಿಕೊಳ್ಳಿ. ತುಸು ಒದ್ದೆ ಮಾಡಿ ಉಂಡೆ ಕಟ್ಟಿ, ಬೆರಳಿನಿಂದ ಮೆಲ್ಲನೆ ಒತ್ತಿ. ಉಂಡೆಯೇ ಕಟ್ಟದಿದ್ದರೆ ಮರಳು ಹೆಚ್ಚು. ಒತ್ತಿದರೂ ಒಡೆಯದೆ ಅಂಟಿಕೊಂಡರೆ ಜೇಡಿ ಹೆಚ್ಚು. ಉಂಡೆಯಾಗಿ, ಒತ್ತಿದೊಡನೆ ಪುಡಿಯಾದರೆ ಒಳ್ಳೆಯ ಮಣ್ಣು. ವಿಶೇಷವೆಂದರೆ, ಮೊದಲ ಎರಡು ದೋಷಗಳಿಗೂ ಮದ್ದು ಒಂದೇ: ಕಾಂಪೋಸ್ಟ್. ಅದು ಮರಳಿನಲ್ಲಿ ನೀರನ್ನು ಹಿಡಿದಿಡುತ್ತದೆ, ಜೇಡಿಯಲ್ಲಿ ಗಾಳಿಯಾಡಲು ದಾರಿ ಮಾಡುತ್ತದೆ.

ಕಸದಿಂದ ಗೊಬ್ಬರ ಮಾಡುವ ವಿದ್ಯೆ ಈ ದೇಶಕ್ಕೆ ಹೊಸತಲ್ಲ. ಬ್ರಿಟಿಷ್ ಕೃಷಿವಿಜ್ಞಾನಿ ಆಲ್ಬರ್ಟ್ ಹೊವಾರ್ಡ್ 1920ರ ದಶಕದಲ್ಲಿ ಇಂದೋರ್‌ನಲ್ಲಿದ್ದಾಗ ಇಲ್ಲಿಯ ರೈತರಿಂದ ಕಲಿತು ರೂಪಿಸಿದ ಕಾಂಪೋಸ್ಟ್ ವಿಧಾನ ‘ಇಂದೋರ್ ಪದ್ಧತಿ’ ಎಂದೇ ಜಗತ್ತಿನಲ್ಲಿ ಹೆಸರಾಯಿತು. ನಾವಾದರೋ ಅಂಗಳದ ತರಗೆಲೆಯನ್ನು ಗುಡಿಸಿ ಬೆಂಕಿ ಹಚ್ಚುತ್ತೇವೆ, ಮರುದಿನ ಪೇಟೆಯಿಂದ ಗೊಬ್ಬರದ ಚೀಲ ತರುತ್ತೇವೆ! ಎಲೆಯಲ್ಲಿದ್ದ ಸಾರಜನಕ ಹೊಗೆಯಾಗಿ ಹೋಗುತ್ತದೆ, ಹೊಗೆ ಮಕ್ಕಳ ಶ್ವಾಸಕೋಶ ಸೇರುತ್ತದೆ, ಉಳಿಯುವುದು ಒಂದಿಷ್ಟು ಬೂದಿ ಮಾತ್ರ.

ಒಂದು ಮೂಲೆಯಲ್ಲಿ ಮೂರಡಿ ಅಗಲದ ಗುಂಡಿ ಅಥವಾ ತೂತಿರುವ ಹಳೆಯ ಡ್ರಮ್ ಸಾಕು. ಒಂದು ಬುಟ್ಟಿ ತರಕಾರಿ ಸಿಪ್ಪೆಗೆ ಎರಡು-ಮೂರು ಬುಟ್ಟಿ ತರಗೆಲೆ, ನಡುನಡುವೆ ಸ್ವಲ್ಪ ಸಗಣಿ ಅಥವಾ ಹಳೆಯ ಗೊಬ್ಬರ ಹಾಕುತ್ತಾ ಬನ್ನಿ. ಹಿಂಡಿದ ಬಟ್ಟೆಯಷ್ಟು ತೇವವಿರಲಿ. ವಾರಕ್ಕೊಮ್ಮೆ ಮಗುಚಿ. ವಾಸನೆ ಬಂದರೆ ಹಸಿ ಕಸ ಹೆಚ್ಚಾಗಿದೆ ಎಂದರ್ಥ. ಇನ್ನಷ್ಟು ತರಗೆಲೆ ಸೇರಿಸಿ. ಮಾಂಸ, ಎಲುಬು, ಎಣ್ಣೆ ಬೆರೆತ ಉಳಿಕೆಗಳನ್ನು ಹಾಕಬೇಡಿ, ಇಲಿ-ನಾಯಿಗಳ ಕಾಟ ತಪ್ಪದು. ಮೂರು-ನಾಲ್ಕು ತಿಂಗಳಲ್ಲಿ ಮಳೆ ಬಿದ್ದ ಮಣ್ಣಿನ ಪರಿಮಳದ ಕಪ್ಪು ಗೊಬ್ಬರ ಸಿಗುತ್ತದೆ. ಈ ವರ್ಷಕ್ಕೆ ಅದು ಸಿದ್ಧವಿಲ್ಲದಿದ್ದರೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬಳಸಿ. ಹಸಿ ಸಗಣಿ ಬೇಡ.

ಇನ್ನು ನೆಡುವ ಕ್ರಮ. ಬೆಳ್ಳುಳ್ಳಿಯ ಬೇರು ಆಳಕ್ಕಿಳಿಯುವುದಿಲ್ಲ, ನೀರು ನಿಂತರೆ ಕೊಳೆಯುತ್ತದೆ. ಆದ್ದರಿಂದ ದಿನವಿಡೀ ಬಿಸಿಲು ಬೀಳುವಲ್ಲಿ ತುಸು ಎತ್ತರದ ಮಡಿ ಮಾಡಿ. ಈರುಳ್ಳಿ ಬೆಳೆದ ಜಾಗವಾದರೆ ಈ ವರ್ಷ ಬೇಡ. ಎರಡಕ್ಕೂ ರೋಗಗಳು ಒಂದೇ. ಅಲಸಂದೆ, ಹುರುಳಿಯಂತಹ ದ್ವಿದಳ ಧಾನ್ಯ ಬೆಳೆದಿದ್ದ ಜಾಗ ಉತ್ತಮ. ಗಡ್ಡೆಯ ಹೊರಸುತ್ತಿನ ದಪ್ಪ ಎಸಳುಗಳನ್ನು ಸಿಪ್ಪೆ ಸುಲಿಯದೆ, ಚೂಪು ತುದಿ ಮೇಲೆ ಬರುವಂತೆ ಎರಡು ಇಂಚು ಆಳದಲ್ಲಿಡಿ. ಸಾಲಿನಿಂದ ಸಾಲಿಗೆ ಆರು ಇಂಚು, ಎಸಳಿನಿಂದ ಎಸಳಿಗೆ ನಾಲ್ಕು ಇಂಚು. ಮೂರಡಿ ಅಗಲ, ಹತ್ತಡಿ ಉದ್ದದ ಮಡಿಯಲ್ಲಿ 180 ಎಸಳು ಹಿಡಿಸುತ್ತದೆ. ಒಂದೊಂದು ಗಡ್ಡೆ 20 ಗ್ರಾಂ ತೂಗಿದರೂ ಮೂರೂವರೆ ಕಿಲೋಗೆ ಮೋಸವಿಲ್ಲ. ಈ ಲೆಕ್ಕವನ್ನು ಮಕ್ಕಳಿಂದಲೇ ಮಾಡಿಸಿ, ಮಗ್ಗಿ ತಾನಾಗಿ ಬರುತ್ತದೆ.

ಮೇಲೆ ಹುಲ್ಲು ಅಥವಾ ತರಗೆಲೆಯ ತೆಳು ಹೊದಿಕೆ ಹಾಸಿದರೆ ತೇವ ಉಳಿಯುತ್ತದೆ, ಕಳೆ ತಗ್ಗುತ್ತದೆ, ಎರೆಹುಳ ಬರುತ್ತದೆ. ಎಲೆಗಳಲ್ಲಿ ಬಿಳಿ ಗೆರೆ ಕಂಡರೆ ಅದು ಥ್ರಿಪ್ಸ್ ನುಸಿಯ ಕೆಲಸ; ಬೇವಿನೆಣ್ಣೆಯನ್ನು ಸೋಪಿನ ನೀರಿನಲ್ಲಿ ಕದಡಿ ಸಂಜೆ ಸಿಂಪಡಿಸಿ.

ಬೀಜದ ಆಯ್ಕೆಯಲ್ಲಿ ಎಚ್ಚರವಿರಲಿ. ಹಿಮಾಚಲದಂತಹ ತಂಪು ಪ್ರದೇಶದ ದಪ್ಪ ಎಸಳಿನ ತಳಿಗಳಿಗೆ ದೀರ್ಘ ಹಗಲು, ಹೆಚ್ಚು ಚಳಿ ಬೇಕು. ನಮ್ಮಲ್ಲಿ ಅವು ಬರೀ ಎಲೆ ಬಿಡುತ್ತವೆ. ಗದಗ, ಹಾವೇರಿ ಕಡೆಯ ಸ್ಥಳೀಯ ತಳಿ ಅಥವಾ ಯಮುನಾ ಸಫೇದ್ ಕೇಳಿ ಪಡೆಯಿರಿ. ಕರಾವಳಿಯ ಓದುಗರು ದೊಡ್ಡ ಗಡ್ಡೆಯ ಆಸೆ ಇಟ್ಟುಕೊಳ್ಳದಿರುವುದು ಒಳ್ಳೆಯದು. ಚಳಿ ಸಾಲದಿದ್ದರೆ ಎಸಳು ಒಡೆಯದೆ ಒಂಟಿ ಗಡ್ಡೆಯಾಗಿಯೇ ಉಳಿಯಬಹುದು. ಅಂಥವರು ಕುಂಡದಲ್ಲಿ ಒತ್ತಾಗಿ ನೆಟ್ಟು, ತಿಂಗಳೊಳಗೆ ಹಸಿರು ಎಲೆ ಕೊಯ್ಯಬಹುದು. ಆಮ್ಲೆಟ್‌ಗೂ ಚಟ್ನಿಗೂ ಅದರ ರುಚಿಯೇ ಬೇರೆ.

ನಾಲ್ಕರಿಂದ ಐದು ತಿಂಗಳಲ್ಲಿ ಎಲೆ ಹಳದಿಯಾಗಿ ಬಾಗುತ್ತದೆ. ಅದಕ್ಕೆ ಎರಡು ವಾರ ಮೊದಲೇ ನೀರು ನಿಲ್ಲಿಸಿ. ಕಿತ್ತ ಗಡ್ಡೆಗಳನ್ನು ತೊಳೆಯದೆ, ಎಲೆಸಮೇತ ಕಟ್ಟಿ, ಗಾಳಿಯಾಡುವ ನೆರಳಿನಲ್ಲಿ ತೂಗುಹಾಕಿ. ದಪ್ಪ ಗಡ್ಡೆಗಳನ್ನು ಮುಂದಿನ ವರ್ಷದ ಬೀಜಕ್ಕೆಂದು ತೆಗೆದಿರಿಸಿ.

ಮಣ್ಣಿನಿಂದ ಪಡೆದದ್ದರಲ್ಲಿ ಒಂದು ಪಾಲನ್ನು ಮಣ್ಣಿಗೇ ಮರಳಿಸಬೇಕು. ಬೆಳ್ಳುಳ್ಳಿಯ ಸಿಪ್ಪೆ, ಒಣಗಿದ ಎಲೆ ಎಲ್ಲವೂ ಮತ್ತೆ ಗೊಬ್ಬರದ ಗುಂಡಿಗೆ ಹೋಗಲಿ. ನಮ್ಮ ಮಕ್ಕಳಿಗೆ ಮನೆ, ಚಿನ್ನ, ಹಣ ಬಿಟ್ಟುಹೋಗಲು ನಾವು ಎಷ್ಟೆಲ್ಲ ಶ್ರಮಪಡುತ್ತೇವೆ. ಜೀವವಿರುವ ಒಂದು ತುಂಡು ಮಣ್ಣನ್ನೂ ಆ ಪಟ್ಟಿಗೆ ಸೇರಿಸೋಣ.