ಮನೋವೈದ್ಯರ ಬಾಗಿಲು ಒಂದೇ ಅಲ್ಲ

ನಮ್ಮ ಪಕ್ಕದ ಮನೆಯ ಖಾಲಾ ಕಲಬುರಗಿಯವರು. ಗಂಡ ತೀರಿಕೊಂಡ ಮೇಲೆ ಇದ್ದತ್ ಮುಗಿಸಿ ಮುಂಬೈಗೆ, ಮಗನ ಮನೆಗೆ ಬಂದರು. ಬಂದ ಕೆಲವೇ ತಿಂಗಳಲ್ಲಿ "ದಿಲ್ ಬೈಠಾ ಜಾತಾ" ಅನ್ನೋಕೆ ಶುರು ಮಾಡಿದರು. ಮಗ ಇಸಿಜಿ ಮಾಡಿಸಿದ, ಎಕೋ ಮಾಡಿಸಿದ. ಎಲ್ಲಾ ನಾರ್ಮಲ್. ಗ್ಯಾಸ್ ಮಾತ್ರೆ, ನಿದ್ದೆ ಮಾತ್ರೆ, ಟಾನಿಕ್ ಅಂತ ಒಂದು ವರ್ಷ ಕಳೆಯಿತು. ಆಮೇಲೆ ಮರೆವು ಶುರುವಾಯಿತು. ನಮಾಜಿನಲ್ಲಿ ರಕಾತ್‌ಗಳ ಲೆಕ್ಕ ತಪ್ಪುತ್ತಿತ್ತು, ಒಲೆಯ ಮೇಲಿಟ್ಟ ಹಾಲು ಉಕ್ಕಿ ಹೋದರೂ ಗೊತ್ತಾಗುತ್ತಿರಲಿಲ್ಲ. "ವಯಸ್ಸಾಯ್ತು ಬಿಡಿ" ಅಂದರು ಒಬ್ಬರು. "ನಜರ್ ಆಗಿದೆ" ಅಂದರು ಇನ್ನೊಬ್ಬರು.

ಕೊನೆಗೆ, ವೃದ್ಧರ ಮಾನಸಿಕ ಸಮಸ್ಯೆಗಳನ್ನೇ ಹೆಚ್ಚಾಗಿ ನೋಡುವ ಒಬ್ಬ ಮನೋವೈದ್ಯರ ಬಳಿ ಕರೆದುಕೊಂಡು ಹೋದಾಗ ನಾನೂ ಜೊತೆಗಿದ್ದೆ. ಖಾಲಾ ಮನೆಯಲ್ಲಿ ದಖನಿ, ಬೀದಿಯಲ್ಲಿ ಕನ್ನಡ ಮಾತಾಡಿ ಬೆಳೆದವರು. ಆಸ್ಪತ್ರೆಯ ಹಿಂದಿ, ಮರಾಠಿಯಲ್ಲಿ ಅವರ ಮಾತು ಅರ್ಧಕ್ಕೇ ನಿಲ್ಲುತ್ತಿತ್ತು. ಆ ವೈದ್ಯರು ಮೊದಲು ಥೈರಾಯ್ಡ್, ಬಿ12, ಸಕ್ಕರೆಯ ರಕ್ತಪರೀಕ್ಷೆ ಬರೆದುಕೊಟ್ಟರು. ನೆನಪಿನ ಶಕ್ತಿಯನ್ನು ಪರೀಕ್ಷಿಸಿದರು. ಆಮೇಲೆ, "ದಿನಾ ಯಾರ ಜೊತೆ ಮಾತಾಡ್ತೀರಿ?" ಅಂತ ಕೇಳಿದರು. ನಾನು ಆ ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಿದೆ. ಖಾಲಾ ಕನ್ನಡದಲ್ಲೇ ಹೇಳಿದರು: "ಇಲ್ಲಿ ನನ್ನ ಹೆಸರು ಹಿಡಿದು ಕರೆಯೋರು ಯಾರೂ ಇಲ್ಲವ್ವಾ." ಹೇಳಿ ಅತ್ತರು. ಒಂದು ವರ್ಷದಲ್ಲಿ ಅವರು ಹಾಗೆ ಅತ್ತದ್ದನ್ನು ಮಗ ನೋಡಿರಲಿಲ್ಲ.

ಅದು ಖಿನ್ನತೆ. ಮರೆಗುಳಿತನದ ಕಾಯಿಲೆ ಅಲ್ಲ. ವಯಸ್ಸಾದವರಲ್ಲಿ ಖಿನ್ನತೆ ಎಷ್ಟೋ ಸಲ ಅಳುವಾಗಿ ಕಾಣುವುದಿಲ್ಲ. ಎದೆಭಾರ, ನಿದ್ದೆಗೇಡು, ಮರೆವು ಆಗಿ ಕಾಣುತ್ತದೆ. ಚಿಕಿತ್ಸೆ ಕೊಟ್ಟರೆ ಆ ಮರೆವೂ ಬಹುಪಾಲು ಸರಿಹೋಗುತ್ತದೆ. ಇದನ್ನು ಖಾಲಾ ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಬರೆಯಲು ಕಾರಣ ಒಂದೇ: "ಮೆಂಟಲ್ ಡಾಕ್ಟರ್" ಅಂದರೆ ಹುಚ್ಚಿಗೆ ಔಷಧಿ ಕೊಡುವ ಒಬ್ಬ ವೈದ್ಯ ಅಂತಷ್ಟೇ ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಅಲ್ಲಿ ಹಲವು ಬಾಗಿಲುಗಳಿವೆ. ಯಾವ ತೊಂದರೆಗೆ ಯಾವ ಬಾಗಿಲು, ಅಲ್ಲಿ ಹೋಗಿ ಏನನ್ನು ಮುಚ್ಚಿಡದೆ ಹೇಳಬೇಕು ಅಂತ ಗೊತ್ತಿದ್ದರೆ ನಿಮ್ಮ ಮನೆಯವರ ಒಂದು ವರ್ಷ ಉಳಿಯುತ್ತದೆ.

ಯಾರು ಮನೋವೈದ್ಯರು?

ಮೊದಲು ಹೆಸರುಗಳನ್ನು ಬಿಡಿಸಿಕೊಳ್ಳೋಣ. ಮನೋವೈದ್ಯರು ಎಂದರೆ ಎಂ.ಬಿ.ಬಿ.ಎಸ್. ಮುಗಿಸಿ, ಆಮೇಲೆ ಮನೋವೈದ್ಯಶಾಸ್ತ್ರದಲ್ಲಿ ಎಂ.ಡಿ., ಡಿ.ಎನ್.ಬಿ. ಅಥವಾ ಡಿ.ಪಿ.ಎಂ. ಓದಿದವರು. ಮಾತ್ರೆ ಬರೆದುಕೊಡುವವರು ಇವರು. ಕ್ಲಿನಿಕಲ್ ಸೈಕಾಲಜಿಸ್ಟ್ ಅಂದರೆ ಮನಶ್ಶಾಸ್ತ್ರ ಓದಿ, ಮಾತಿನ ಚಿಕಿತ್ಸೆ ಮತ್ತು ಮಾನಸಿಕ ಪರೀಕ್ಷೆಗಳಲ್ಲಿ ತರಬೇತಿ ಪಡೆದವರು. ಇವರು ಮಾತ್ರೆ ಬರೆಯುವುದಿಲ್ಲ. ಸೈಕಿಯಾಟ್ರಿಕ್ ಸೋಷಿಯಲ್ ವರ್ಕರ್ ಮನೆ, ಕೆಲಸ, ಸರ್ಕಾರಿ ಸೌಲಭ್ಯಗಳ ಕಡೆ ನೋಡುತ್ತಾರೆ. ದೊಡ್ಡ ಆಸ್ಪತ್ರೆಗಳಲ್ಲಿ ಮೂವರೂ ಒಂದೇ ತಂಡವಾಗಿ ಕೆಲಸ ಮಾಡುತ್ತಾರೆ.

ಇನ್ನು ಮನೋವೈದ್ಯರಲ್ಲೂ ಒಬ್ಬೊಬ್ಬರಿಗೆ ಒಂದೊಂದು ವಿಶೇಷ ಆಸಕ್ತಿ ಇರುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದನ್ನು ಸ್ಪಷ್ಟವಾಗಿ ನೋಡಬಹುದು. ಅಲ್ಲಿ ಮಕ್ಕಳಿಗೆ ಬೇರೆ ವಿಭಾಗ, ಕುಡಿತ ಮತ್ತು ಡ್ರಗ್ಸ್ ಚಟಕ್ಕೆ ಬೇರೆ ಕೇಂದ್ರ, ವೃದ್ಧರಿಗೆ ಬೇರೆ, ಗೀಳುರೋಗಕ್ಕೆ ಬೇರೆ ಕ್ಲಿನಿಕ್. ಮೊಬೈಲ್, ಗೇಮ್ ಬಿಡಲಾಗದ ಹುಡುಗರಿಗಾಗಿ 'ಶಟ್' ಎಂಬ ಕ್ಲಿನಿಕ್ ಕೂಡ ಇದೆ. ತಾಯಿಯನ್ನೂ ಹಸುಗೂಸನ್ನೂ ಬೇರೆ ಮಾಡದೆ ಒಟ್ಟಿಗೆ ದಾಖಲು ಮಾಡಿಕೊಳ್ಳುವ ವಾರ್ಡು 2009ರಿಂದ ನಡೆಯುತ್ತಿದೆ.

ಈ ವ್ಯತ್ಯಾಸ ಯಾಕೆ ಮುಖ್ಯ? ನಮ್ಮ ಮನೆಗಳಲ್ಲಿ ಆಗುವ ಮೂರು ಸಂಗತಿ ನೋಡಿ.

ಒಂದು, ಬಾಣಂತಿ. ಹೆರಿಗೆಯಾಗಿ ವಾರ ಎರಡು ವಾರದಲ್ಲಿ ನಿದ್ದೆ ಬಿಟ್ಟು, ಏನೇನೋ ಮಾತಾಡುತ್ತಾ, ಮಗುವಿನ ಮೇಲೆ ಅನುಮಾನ ಪಡುವ ಹೆಣ್ಣುಮಗಳನ್ನು "ಅಸರ್ ಆಗಿದೆ" ಅಂತ ಕೋಣೆಯಲ್ಲಿ ಕೂಡಿಸುತ್ತಾರೆ. ಅದು ಪ್ರಸವಾನಂತರದ ಸೈಕೋಸಿಸ್ ಇರಬಹುದು. ತಾಯಿ ಮಗು ಇಬ್ಬರಿಗೂ ಅಪಾಯ. ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಬೇಗ ಚಿಕಿತ್ಸೆ ಸಿಕ್ಕರೆ ಬಹಳಷ್ಟು ತಾಯಂದಿರು ಚೆನ್ನಾಗಿ ಗುಣವಾಗುತ್ತಾರೆ.

ಎರಡು, ಕುಡಿತ. ನಮ್ಮಲ್ಲಿ ಇದು ಹರಾಮ್, ಆದ್ದರಿಂದ "ನಮ್ಮ ಮನೆಯಲ್ಲಿಲ್ಲ" ಅಂತ ಮುಚ್ಚಿಡುತ್ತೇವೆ. ಮಗನ ಕೈಯಿಂದ ಕಸಮ್ ಹಾಕಿಸಿ ಒಂದೇ ದಿನಕ್ಕೆ ಬಿಡಿಸುತ್ತೇವೆ. ವರ್ಷಗಟ್ಟಲೆ ದಿನವೂ ಕುಡಿದವರು ಹಾಗೆ ಹಠಾತ್ತಾಗಿ ನಿಲ್ಲಿಸಿದರೆ ಕೈನಡುಕ, ಫಿಟ್ಸ್, ಭ್ರಮೆ ಬರಬಹುದು, ಪ್ರಾಣಕ್ಕೂ ಅಪಾಯ. ತೌಬಾ ಮಾಡಲಿ, ಆದರೆ ವೈದ್ಯರ ನಿಗಾದಲ್ಲಿ ಬಿಡಲಿ.

ಮೂರು, ವಸ್‌ವಸಾ. ವುಜೂ ಆಯಿತೋ ಇಲ್ಲವೋ ಎಂಬ ಶಂಕೆಯಿಂದ ಮುಕ್ಕಾಲು ಗಂಟೆ ನಲ್ಲಿಯ ಕೆಳಗೆ ನಿಲ್ಲುವ ಹುಡುಗ, ನಿಯ್ಯತ್ ಸರಿಯಾಗಲಿಲ್ಲ ಅಂತ ಹತ್ತು ಸಲ ನಮಾಜ್ ಮುರಿದು ಮತ್ತೆ ಕಟ್ಟುವ ಹುಡುಗಿ. ಶಾಲೆಯಲ್ಲಿ ಪಾಠ ಹೇಳುವ ನನಗೆ ಇಂಥ ಮಕ್ಕಳು ಸಿಕ್ಕಿದ್ದಾರೆ. ಮನೆಯವರು ಇದನ್ನು ಹೆಚ್ಚಿನ ತಖ್ವಾ ಅಂತ ಮೆಚ್ಚುತ್ತಾರೆ, ಇಲ್ಲವೇ ನಾಟಕ ಅಂತ ಬೈಯುತ್ತಾರೆ. ಇದು ಎರಡೂ ಅಲ್ಲದೆ ಗೀಳುರೋಗ ಇರಬಹುದು. ಇದಕ್ಕೆ ಮಾತ್ರೆ ಇದೆ, ಮತ್ತು ಶಂಕೆ ಬಂದರೂ ಮತ್ತೆ ತೊಳೆಯದೆ ತಡೆದುಕೊಳ್ಳುವುದನ್ನು ಮೆಟ್ಟಿಲು ಮೆಟ್ಟಿಲಾಗಿ ಕಲಿಸುವ ಚಿಕಿತ್ಸೆ ಇದೆ. ಶಂಕೆಗೆ ಕಿವಿಗೊಡಬೇಡ ಎಂದು ಆಲಿಮರೂ ಹೇಳುತ್ತಾರೆ. ಆ ಮಾತನ್ನು ಮಗು ಇಮಾಮ್ ಸಾಹೇಬರ ಬಾಯಿಂದ ಕೇಳಿದರೆ ವೈದ್ಯರ ಕೆಲಸ ಹಗುರಾಗುತ್ತದೆ.

ಇದು ಹೊಸ ವಿಷಯವೂ ಅಲ್ಲ. ಸಾವಿರ ವರ್ಷಕ್ಕೂ ಹಿಂದೆ ಅಬೂ ಝೈದ್ ಅಲ್-ಬಲ್ಖಿ ದೇಹ ಮತ್ತು ಮನಸ್ಸು ಎರಡರ ಆರೋಗ್ಯದ ಬಗ್ಗೆ ಅರಬ್ಬಿಯಲ್ಲಿ ಪುಸ್ತಕ ಬರೆದರು. ಮನಸ್ಸಿನ ತೊಂದರೆಗಳನ್ನು ಕೋಪ, ಭಯ, ದುಃಖ, ವಸ್‌ವಸಾ ಎಂದು ಬಿಡಿಸಿ ನೋಡಿದರು. ಅವರು ಬೇರೆ ಬೇರೆ ಮಾಡಿದ್ದನ್ನು ನಾವು ಇಂದು ಒಂದೇ "ಪಾಗಲ್" ಎಂಬ ಶಬ್ದದಲ್ಲಿ ಕಟ್ಟಿಹಾಕಿದ್ದೇವೆ.

ಒಬ್ಬೊಬ್ಬರ ದಾರಿ

ವಿಶೇಷತೆ ಅಂದರೆ ರೋಗದ ಹೆಸರು ಮಾತ್ರ ಅಲ್ಲ. ರೋಗಿಯನ್ನು ಹೇಗೆ ನೋಡುತ್ತಾರೆ ಅನ್ನೋದೂ ಇದೆ. ನಮ್ಮ ದೇಶದ ಕೆಲವು ಉದಾಹರಣೆ ಹೇಳುತ್ತೇನೆ.

1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಎಂಬುವರಿದ್ದರು. ರೋಗಿಯನ್ನು ಬಿಟ್ಟು ಹೋಗಿ ಮರೆಯುವ ಕಾಲ ಅದು. ಅವರು ಆಸ್ಪತ್ರೆಯ ಮೈದಾನದಲ್ಲಿ ಡೇರೆ ಹಾಕಿಸಿ ಮನೆಯವರನ್ನೂ ರೋಗಿಯ ಜೊತೆ ಉಳಿಸಿಕೊಂಡರು. ಮನೆಯವರು ಆರೈಕೆ ಕಲಿತರು, ರೋಗಿ ಮನೆಗೆ ಮರಳಿದ. ಇಂದು ನಿಮ್ಮನ್ನು "ಮನೆಯವರು ಒಬ್ಬರು ಜೊತೆಗೆ ಬನ್ನಿ" ಅಂತ ವೈದ್ಯರು ಕರೆಯುವುದರ ಹಿಂದೆ ಈ ತಿಳಿವಳಿಕೆ ಇದೆ.

ಚೆನ್ನೈನಲ್ಲಿರುವ ಕನ್ನಡಿಗರಿಗೆ ಹತ್ತಿರದ ಹೆಸರು ಡಾ. ಶಾರದಾ ಮೆನನ್. 1923ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಇವರು ದೇಶದ ಮೊದಲ ಮಹಿಳಾ ಮನೋವೈದ್ಯೆ ಎಂದು ಹೆಸರಾದವರು. ಬೆಂಗಳೂರಿನಲ್ಲಿ ಮನೋವೈದ್ಯಶಾಸ್ತ್ರ ಕಲಿತು, ಕಿಲ್ಪಾಕ್‌ನ ಸರ್ಕಾರಿ ಮಾನಸಿಕ ಆಸ್ಪತ್ರೆಯ ಮುಖ್ಯಸ್ಥೆಯಾದರು. ನಿವೃತ್ತಿಯಾದ ಮೇಲೆ 1984ರಲ್ಲಿ 'ಸ್ಕಾರ್ಫ್' ಸಂಸ್ಥೆ ಕಟ್ಟಿದರು. ಸ್ಕಿಜೋಫ್ರೇನಿಯಾ ಇರುವವರಿಗೆ ಮಾತ್ರೆಯ ಜೊತೆಗೆ ಪುನರ್ವಸತಿ, ಕೆಲಸದ ತರಬೇತಿ, ಮನೆಯವರಿಗೆ ಬೆಂಬಲ ಬೇಕು ಅನ್ನೋದು ಅವರ ದಾರಿ.

ಇನ್ನೊಂದು ದಾರಿ ನಮ್ಮ ಬಳ್ಳಾರಿಯಿಂದ ಬಂತು. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಆ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ, ಸಿಬ್ಬಂದಿಗೆ ತರಬೇತಿ ಕೊಟ್ಟು, ಮಾನಸಿಕ ಚಿಕಿತ್ಸೆ ಹಳ್ಳಿಯಲ್ಲೇ ಸಿಗುವಂತೆ ಮಾಡಿದರು. 1996ರಲ್ಲಿ ಶುರುವಾದ ರಾಷ್ಟ್ರಮಟ್ಟದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಇದೇ ಮಾದರಿಯಾಯಿತು. ಈಗ ನಿಮ್ಮ ಊರಿನ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕಾಣಬಹುದಾದರೆ ಅದರಲ್ಲಿ ಬಳ್ಳಾರಿಯ ಪಾಲಿದೆ.

ದವಾ ಮತ್ತು ದುವಾ

ಒಂದು ಕಹಿ ಮಾತನ್ನೂ ಹೇಳಬೇಕು. 2001ರ ಆಗಸ್ಟ್ 6ರಂದು ತಮಿಳುನಾಡಿನ ಎರ್ವಾಡಿಯಲ್ಲಿ, ದರ್ಗಾದ ಸುತ್ತಮುತ್ತ ಖಾಸಗಿಯವರು ನಡೆಸುತ್ತಿದ್ದ ಆಶ್ರಯಗೃಹವೊಂದಕ್ಕೆ ಬೆಂಕಿ ಬಿತ್ತು. ಸರಪಳಿಯಲ್ಲಿ ಕಟ್ಟಿದ್ದ ರೋಗಿಗಳು ಓಡಲಾಗಲಿಲ್ಲ. 28 ಜನ ಸತ್ತರು. ಅವರನ್ನು ಅಲ್ಲಿಗೆ ತಂದು ಬಿಟ್ಟವರು ಕೆಟ್ಟವರೇನಲ್ಲ. ಶಿಫಾ ಸಿಗಲಿ ಅಂತಲೇ ಬಂದಿದ್ದರು.

ಅದಾದ ಮೇಲೆ ಬೇರೆ ದಾರಿಗಳೂ ಹುಟ್ಟಿದವು. ಗುಜರಾತಿನ ಉನಾವಾದಲ್ಲಿ ಮೀರಾ ದಾತಾರ್ ದರ್ಗಾದ ಆವರಣದಲ್ಲೇ ಮನೋವೈದ್ಯರು ಕುಳಿತು ನೋಡುವ 'ದವಾ-ದುವಾ' ವ್ಯವಸ್ಥೆ ಬಂತು. ಹರಕೆಗೆ ಬಂದವರನ್ನು ಮುಜಾವರರೇ ವೈದ್ಯರ ಬಳಿ ಕಳಿಸುತ್ತಾರೆ. ಯಾರೂ ದುವಾ ಬಿಡಿ ಅಂತ ಹೇಳುವುದಿಲ್ಲ. ಎರ್ವಾಡಿಯಲ್ಲೂ ಆಮೇಲೆ ಇಂಥದೇ ವ್ಯವಸ್ಥೆ ಮಾಡಲಾಯಿತು. ಕಾಯಿಲೆಗೆ ಔಷಧೋಪಚಾರ ಮಾಡಿಕೊಳ್ಳುವುದು ತವಕ್ಕುಲ್‌ಗೆ ವಿರುದ್ಧವಲ್ಲ ಅನ್ನೋದು ನಮ್ಮ ದೀನಿನಲ್ಲೇ ಇರುವ ಮಾತು.

ಆದ್ದರಿಂದ ವೈದ್ಯರ ಬಳಿ ನಿಮ್ಮ ನಂಬಿಕೆಯನ್ನು ಮುಚ್ಚಿಡಬೇಡಿ. ತಾವೀಜ್ ಕಟ್ಟಿಸಿದ್ದರೆ, ರುಖ್ಯಾ ಮಾಡಿಸಿದ್ದರೆ ಹೇಳಿ. ಒಳ್ಳೆಯ ಮನೋವೈದ್ಯರು ನಗುವುದಿಲ್ಲ. ರಂಜಾನ್ ಬರುವ ಕೆಲವು ವಾರ ಮೊದಲೇ ರೋಜಾ ಬಗ್ಗೆ ಕೇಳಿ. ಕೆಲವು ಮಾತ್ರೆಗಳನ್ನು ಸಹರಿ, ಇಫ್ತಾರ್ ಹೊತ್ತಿಗೆ ಹೊಂದಿಸಬಹುದು. ಆದರೆ ಲಿಥಿಯಂ ತೆಗೆದುಕೊಳ್ಳುವವರಿಗೆ ದೇಹದಲ್ಲಿ ನೀರು ಕಡಿಮೆಯಾದರೆ ಆ ಔಷಧಿ ರಕ್ತದಲ್ಲಿ ಏರಿ ವಿಷವಾಗಬಹುದು. ಕೇಳದೆ ರೋಜಾ ಹಿಡಿಯುವುದೂ ತಪ್ಪು, ರೋಜಾಕ್ಕಾಗಿ ನೀವೇ ಮಾತ್ರೆ ನಿಲ್ಲಿಸುವುದೂ ತಪ್ಪು. ಕಾಯಿಲೆಯವರಿಗೆ ರಿಯಾಯಿತಿ ಇದೆ. ಮನಸ್ಸಿನ ಕಾಯಿಲೆಯೂ ಕಾಯಿಲೆಯೇ.

ಹೋಗುವ ಮೊದಲು, ಹೋದ ಮೇಲೆ

ಅಪಾಯಿಂಟ್‌ಮೆಂಟ್ ಕೇಳುವಾಗಲೇ ಮೂರು ಪ್ರಶ್ನೆ ಕೇಳಿ: ಈ ವೈದ್ಯರು ಮಕ್ಕಳನ್ನೋ, ವೃದ್ಧರನ್ನೋ, ಚಟದವರನ್ನೋ ಹೆಚ್ಚಾಗಿ ನೋಡುತ್ತಾರಾ? ಯಾವ ಭಾಷೆಯಲ್ಲಿ ಮಾತಾಡುತ್ತಾರೆ? ಮಾತಿನ ಚಿಕಿತ್ಸೆ ಕೊಡುವವರು ಜೊತೆಗಿದ್ದಾರಾ? ಪರಭಾಷೆಯ ಊರಲ್ಲಿರುವ ನಮಗೆ ಎರಡನೆಯ ಪ್ರಶ್ನೆ ಬಹಳ ಮುಖ್ಯ. "ಜೀ ಘಬರಾತಾ" ಅನ್ನೋದೂ "ಹೊಟ್ಟೆಯೊಳಗೆ ಸಂಕಟ" ಅನ್ನೋದೂ ಹಿಂದಿ, ಇಂಗ್ಲಿಷಿಗೆ ಹೋಗುವಾಗ ಬೇರೆಯೇ ಆಗಿಬಿಡುತ್ತವೆ. ಭಾಷೆ ಬರುವ ಒಬ್ಬರನ್ನು ಜೊತೆಗೆ ಕರೆದುಕೊಳ್ಳಿ. ಆದರೆ ಕೆಲ ಮಾತುಗಳನ್ನು ಮಗನ ಎದುರು, ಸೊಸೆಯ ಎದುರು ಹೇಳಲಾಗುವುದಿಲ್ಲ; ವೈದ್ಯರ ಜೊತೆ ಸ್ವಲ್ಪ ಹೊತ್ತು ಒಬ್ಬರೇ ಇರಲು ಬಿಡಿ.

ಖಿನ್ನತೆಯ ಮಾತ್ರೆ ಎರಡು ದಿನಕ್ಕೆ ಕೆಲಸ ಮಾಡುವುದಿಲ್ಲ, ಕೆಲವು ವಾರ ಬೇಕು. ಗೀಳುರೋಗಕ್ಕೆ ಇನ್ನೂ ಹೆಚ್ಚು. ಈ ಮಾತ್ರೆಗಳೆಲ್ಲ ಚಟ ಹಿಡಿಸುತ್ತವೆ ಅನ್ನೋದು ಸರಿಯಲ್ಲ. ಚಟದ ಭಯ ಇರುವುದು ಮುಖ್ಯವಾಗಿ ಕೆಲವು ನಿದ್ದೆ ಮಾತ್ರೆಗಳಿಂದ, ಅದೂ ಮೆಡಿಕಲ್ ಶಾಪಿನಿಂದ ನಾವೇ ತಂದು ನುಂಗುವುದರಿಂದ. ಚೆನ್ನಾಗಿದ್ದೀನಿ ಅನಿಸಿದ ಕೂಡಲೇ ತಾನೇ ನಿಲ್ಲಿಸಬಾರದು.

ಕಾನೂನೂ ನಿಮ್ಮ ಜೊತೆಗಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ರೋಗಿಯನ್ನು ಸರಪಳಿಯಲ್ಲಿ ಕಟ್ಟುವಂತಿಲ್ಲ. ಕರೆಂಟ್ ಚಿಕಿತ್ಸೆ ಅಂತ ಜನ ಹೆದರುವ ಇ.ಸಿ.ಟಿ.ಯನ್ನು ಅರಿವಳಿಕೆ ಇಲ್ಲದೆ ಕೊಡುವಂತಿಲ್ಲ. ನಿಮ್ಮ ಕಾಯಿಲೆಯ ಗುಟ್ಟನ್ನು ಕಾಪಾಡಬೇಕು. ಮುಂದೆ ತನಗೆ ಯಾವ ಚಿಕಿತ್ಸೆ ಬೇಕು, ಬೇಡ ಅಂತ ಮೊದಲೇ ಬರೆದಿಡಬಹುದು. ತನ್ನ ಪರವಾಗಿ ಮಾತಾಡುವವರನ್ನು ರೋಗಿಯೇ ಆರಿಸಬಹುದು.

ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ 10.6 ಶೇಕಡ ಜನರಿಗೆ ಆಗ ಮಾನಸಿಕ ತೊಂದರೆ ಇತ್ತು. ಕಾಯಿಲೆಗೆ ತಕ್ಕಂತೆ, ಅಂಥವರಲ್ಲಿ 70ರಿಂದ 92 ಶೇಕಡ ಜನರಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ನಿಮ್ಮ ಜಮಾತಿನ ಒಂದು ಸಫ್‌ನಲ್ಲಿ ಎಷ್ಟು ಜನ ನಿಲ್ಲುತ್ತಾರೆ, ಲೆಕ್ಕ ಹಾಕಿ.

ಎಲ್ಲಿ ಶುರು ಮಾಡಬೇಕು ಅಂತ ಗೊತ್ತಾಗದಿದ್ದರೆ 14416ಕ್ಕೆ ಫೋನ್ ಮಾಡಿ. ಇದು 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರದ 'ಟೆಲಿ ಮಾನಸ್' ಸೇವೆ. ಹಗಲು ರಾತ್ರಿ ಉಚಿತ, ಕನ್ನಡದಲ್ಲೂ ಮಾತಾಡಬಹುದು. ಯಾರಾದರೂ "ಬದುಕಿ ಏನು ಪ್ರಯೋಜನ" ಅಂತ ಹೇಳುತ್ತಿದ್ದರೆ ಗುನಾಹ್ ಅಂತ ಬೈಯಬೇಡಿ, ಒಬ್ಬರನ್ನೇ ಬಿಡಬೇಡಿ. ಅದೇ ದಿನ ಈ ನಂಬರಿಗೆ ಫೋನ್ ಮಾಡಿ ಅಥವಾ ಹತ್ತಿರದ ಆಸ್ಪತ್ರೆಗೆ ಹೋಗಿ.

ಖಾಲಾಗೆ ಮಾತ್ರೆ ಹತ್ತಲು ಒಂದೂವರೆ ತಿಂಗಳು ಹಿಡಿಯಿತು. ಮಾತ್ರೆಯ ಜೊತೆಗೆ ವೈದ್ಯರು ಇನ್ನೊಂದನ್ನೂ ಚೀಟಿಯಲ್ಲಿ ಬರೆದಿದ್ದರು: ದಿನಕ್ಕೊಮ್ಮೆ ಕಲಬುರಗಿಗೆ ಫೋನ್. ಈಗ ಅಸರ್ ನಮಾಜ್ ಆದ ಮೇಲೆ ಬಾಲ್ಕನಿಯಲ್ಲಿ ಕೂತು ಹಳೆಯ ನೆರೆಮನೆಯವರ ಜೊತೆ ಜೋರಾಗಿ ಕನ್ನಡದಲ್ಲಿ ಮಾತಾಡುತ್ತಾರೆ. ನಮ್ಮ ಅಡುಗೆಮನೆಗೂ ಕೇಳಿಸುತ್ತದೆ. ನಿಮ್ಮ ಮನೆಯಲ್ಲೂ ಹೀಗೆ ಎದೆ ಹಿಡಿದು ಕೂತವರಿದ್ದರೆ, ಇಸಿಜಿ ನಾರ್ಮಲ್ ಬಂತು ಅಂತ ಸುಮ್ಮನಾಗಬೇಡಿ. ಇನ್ನೊಂದು ಬಾಗಿಲು ತಟ್ಟಿ ನೋಡಿ. ಅಲ್ಲಾಹನು ಎಲ್ಲರಿಗೂ ಶಿಫಾ ಕೊಡಲಿ.